ಗುವಾಹಟಿಗೆ ಆದದ್ದು ಹುಬ್ಬಳ್ಳಿಗೆ ಯಾಕಾಗದು?



ಗುವಾಹಟಿ ಎಂದ ಕೂಡಲೇ ನಿಮಗೇನು ನೆನಪಾಗುತ್ತದೆ?

ಬೆಂಗಳೂರಿನಲ್ಲಿರುವ ನಿಮ್ಮಲ್ಲಿ ಅನೇಕರಿಗೆ ಒಂದು ರೈಲು ನೆನಪಾಗಬಹುದು. 2012ರ ಆಗಸ್ಟ್ ತಿಂಗಳು. ಯಾರೋ ಹಬ್ಬಿಸಿದ ಸುಳ್ಳು ಸುದ್ದಿಗೆ ಬೆದರಿ ಈಶಾನ್ಯದ ಸಾವಿರಾರು ಹುಡುಗ ಹುಡುಗಿಯರು ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನ ರೈಲು ನಿಲ್ದಾಣಕ್ಕೆ ಓಡಿದ್ದರು. ಅವರನ್ನು ಹೊತ್ತೊಯ್ಯಲು ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಆ ರೈಲುಗಳು ಹೋದದ್ದು ಗುವಾಹಟಿಗೆ. ಅಲ್ಲಿಯವರೆಗೆ ನಮ್ಮಲ್ಲಿ ಎಷ್ಟೋ ಜನ ಆ ಊರಿನ ಹೆಸರನ್ನೇ ಸರಿಯಾಗಿ ಕೇಳಿರಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಗೇಟು ಕಾಯುವ ಹುಡುಗ, ಬ್ಯೂಟಿ ಪಾರ್ಲರಿನ ಹುಡುಗಿ, ಹೋಟೆಲಿನಲ್ಲಿ ತಟ್ಟೆ ಎತ್ತುವವನು - ಇವರಿಗೂ ಒಂದು ಊರಿದೆ, ಒಂದು ಭಾಷೆ ಇದೆ, ತಮ್ಮ ಊರಿನ ಬಗ್ಗೆ ಒಂದು ಹೆಮ್ಮೆ ಇದೆ ಎಂದು ನಾವು ಯೋಚಿಸಿರಲೇ ಇಲ್ಲ.

ಅದಾಗಿ ಮೂರೂವರೆ ವರ್ಷಕ್ಕೆ ಆ ಗುವಾಹಟಿ ಏನು ಮಾಡಿತು ಗೊತ್ತೇ? ಎಂಟು ದೇಶಗಳನ್ನು ತನ್ನ ಮನೆಗೆ ಕರೆದು ಕೂರಿಸಿ, ಆಟ ಆಡಿಸಿ, ಉಪಚರಿಸಿ ಕಳಿಸಿತು.

2016ರ ಫೆಬ್ರವರಿ 5ರಿಂದ 16ರವರೆಗೆ ನಡೆದ 12ನೇ ದಕ್ಷಿಣ ಏಷ್ಯಾ ಕ್ರೀಡಾಕೂಟದ ಮಾತು ಇದು. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ, ನೇಪಾಳ, ಭೂತಾನ್, ಮಾಲ್ಡೀವ್ಸ್, ಅಫ್ಘಾನಿಸ್ತಾನ - ಎಂಟೂ ದೇಶಗಳ ಎರಡೂವರೆ ಸಾವಿರಕ್ಕೂ ಹೆಚ್ಚು ಕ್ರೀಡಾಪಟುಗಳು ಬಂದಿದ್ದರು. ಅಸ್ಸಾಮಿನ ಗುವಾಹಟಿ, ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ದೂರದ ಗುಡ್ಡದ ಮೇಲಿರುವ ಮೇಘಾಲಯದ ಶಿಲ್ಲಾಂಗ್, ಎರಡೂ ಊರುಗಳು ಹೆಗಲು ಕೊಟ್ಟು ನಡೆಸಿದವು. ಬಾಕ್ಸಿಂಗ್, ಬಿಲ್ಲುಗಾರಿಕೆ, ಬ್ಯಾಡ್ಮಿಂಟನ್, ಜೂಡೊ, ಮಹಿಳೆಯರ ಫುಟ್‌ಬಾಲ್ ಶಿಲ್ಲಾಂಗಿಗೆ. ಅಥ್ಲೆಟಿಕ್ಸ್, ಈಜು, ಹಾಕಿ, ಭಾರ ಎತ್ತುವ ಸ್ಪರ್ಧೆ ಗುವಾಹಟಿಗೆ. ಎರಡು ರಾಜ್ಯ, ಎರಡು ಸರ್ಕಾರ, ಒಂದೇ ಕೂಟ.

ಇದರಲ್ಲೇನು ದೊಡ್ಡ ವಿಷಯ ಎನ್ನುತ್ತೀರಾ? ತಾಳಿ, ಹೇಳುತ್ತೇವೆ.

ದಕ್ಷಿಣ ಏಷ್ಯಾ ಕ್ರೀಡಾಕೂಟ ಶುರುವಾದದ್ದು 1984ರಲ್ಲಿ, ಕಠ್ಮಂಡುವಿನಲ್ಲಿ. ಆಮೇಲೆ ಢಾಕಾ, ಇಸ್ಲಾಮಾಬಾದ್, ಕೊಲಂಬೊ ಎಂದು ಬಹುತೇಕ ಸಲ ಆಯಾ ದೇಶದ ರಾಜಧಾನಿಯಲ್ಲೇ ನಡೆಯುತ್ತಾ ಬಂತು. ಭಾರತಕ್ಕೆ ಮೂರು ಸಲ ಸರದಿ ಬಂದಿದೆ. 1987ರಲ್ಲಿ ಕಲ್ಕತ್ತಾ. 1995ರಲ್ಲಿ ಮದ್ರಾಸು. 2016ರಲ್ಲಿ ಗುವಾಹಟಿ ಮತ್ತು ಶಿಲ್ಲಾಂಗ್. ಗಮನಿಸಿದಿರಾ? ಒಂದು ಸಲವೂ ದಿಲ್ಲಿಯಲ್ಲಿ ನಡೆದಿಲ್ಲ!

ಈ ಸಲವಂತೂ ದಿಲ್ಲಿಯಲ್ಲಿ ನಡೆಸುವುದೆಂದೇ ಮೊದಲು ಮಾತಾಗಿತ್ತು. ಅದು ಮುಂದೂಡುತ್ತಾ ಹೋಯಿತು. ಅಷ್ಟರಲ್ಲಿ 2012ರ ಡಿಸೆಂಬರಿನಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯು ಭಾರತೀಯ ಒಲಿಂಪಿಕ್ ಸಂಸ್ಥೆಯನ್ನೇ ಅಮಾನತಿನಲ್ಲಿಟ್ಟಿತು. ಅದು ತೆರವಾದದ್ದು 2014ರ ಫೆಬ್ರವರಿಯಲ್ಲಿ. ದಿಲ್ಲಿಯ ದೊಡ್ಡವರು ಕುರ್ಚಿ ಕಿತ್ತಾಟದಲ್ಲಿ ಮುಳುಗಿದ್ದಾಗ, ಮೂಲೆಯ ರಾಜ್ಯ ಎಂದು ಎಲ್ಲರೂ ಮರೆತಿದ್ದ ಅಸ್ಸಾಮು, ಮೇಘಾಲಯಗಳು 'ನಮ್ಮಲ್ಲಿಗೆ ಬನ್ನಿ' ಎಂದವು. ಬಂದವರಿಗೆ ಮೈದಾನವೂ ಇತ್ತು, ಊಟವೂ ಇತ್ತು, ಚಪ್ಪಾಳೆಯೂ ಇತ್ತು.

ಗುವಾಹಟಿ ಅಸ್ಸಾಮಿನ ರಾಜಧಾನಿಯೇ ಅಲ್ಲವೇ ಎಂದು ನೀವು ಕೇಳಬಹುದು. ಅಸ್ಸಾಮಿನ ಸರ್ಕಾರ ಕೂರುವ ದಿಸ್ಪುರ ಆ ಊರಿನದೇ ಒಂದು ಭಾಗ, ನಿಜ. ಆದರೆ ದೇಶದ ಲೆಕ್ಕದಲ್ಲಿ ಅದಕ್ಕೆ ಎಂಥ ಜಾಗ ಇತ್ತು? ಪತ್ರಿಕೆಗಳಲ್ಲಿ ಗುವಾಹಟಿಯ ಹೆಸರು ಬರುತ್ತಿದ್ದುದು ಎರಡೇ ಕಾರಣಕ್ಕೆ. ಒಂದು ಬ್ರಹ್ಮಪುತ್ರೆಯ ಪ್ರವಾಹ, ಇನ್ನೊಂದು ಬಾಂಬು. ಆ ಹೆಸರನ್ನು ಮೂರನೆಯ ಕಾರಣಕ್ಕೆ ಬರುವಂತೆ ಮಾಡಿದ್ದು ಆಟ.

ಇದು ಒಂದು ದಿನದ ಕೆಲಸವಲ್ಲ. 2007ರ ಫೆಬ್ರವರಿಯಲ್ಲಿ ಗುವಾಹಟಿ 33ನೇ ರಾಷ್ಟ್ರೀಯ ಕ್ರೀಡಾಕೂಟ ನಡೆಸಿತು. ಊರ ಹೊರಗಿನ ಸರುಸಜಾಯ್‌ನಲ್ಲಿ ಅಥ್ಲೆಟಿಕ್ ಕ್ರೀಡಾಂಗಣ, ಈಜುಕೊಳ, ಒಳಾಂಗಣ ಎದ್ದು ನಿಂತದ್ದು ಆಗ. ಆ ಕೂಟಕ್ಕೆ ಉಲ್ಫಾ ಬಹಿಷ್ಕಾರದ ಕರೆ ಕೊಟ್ಟಿತ್ತು. ಅದಕ್ಕೂ ಒಂದು ತಿಂಗಳ ಹಿಂದೆ, ಜನವರಿಯಲ್ಲಿ, ಮೇಲಿನ ಅಸ್ಸಾಮಿನಲ್ಲಿ ಹಿಂದಿ ಮಾತನಾಡುವ ಹತ್ತಾರು ಕೂಲಿಗಳನ್ನು ಗುಂಡಿಟ್ಟು ಕೊಂದಿದ್ದರು. ಇಟ್ಟಿಗೆ ಗೂಡಿನಲ್ಲಿ ದುಡಿಯುವ ಬಡವರು ಅವರು. ಅಂಥ ಹೊತ್ತಿನಲ್ಲಿ ದೇಶದ ಎಲ್ಲ ಮೂಲೆಗಳ ಮಕ್ಕಳನ್ನು ಕರೆಸಿಕೊಳ್ಳುವುದು ಎಂದರೆ ಸಣ್ಣ ಎದೆಗಾರಿಕೆಯಲ್ಲ. ಆದರೂ ಕೂಟ ನಡೆಯಿತು.

ಇಲ್ಲಿ ಒಂದು ಮಾತು, ಗೆಳೆಯರೇ. ನಾವು ನಾಡು ನುಡಿಯ ಕೆಲಸ ಮಾಡುವವರು. ನಮ್ಮ ಕೈಯಲ್ಲಿ ಬಾವುಟ ಇದೆ. ಅದಕ್ಕೇ ಈ ಮಾತನ್ನು ನಾವೇ ಮೊದಲು ಹೇಳಬೇಕು. ಹೊಟ್ಟೆಪಾಡಿಗೆ ಬಂದ ಕೂಲಿಯ ಎದೆಗೆ ಗುಂಡಿಟ್ಟರೆ ಅಸ್ಸಾಮಿ ಭಾಷೆ ಒಂದು ಅಕ್ಷರದಷ್ಟೂ ಬೆಳೆಯಲಿಲ್ಲ. ಅದು ಬೆಳೆದದ್ದು ಬೇರೆ ದಾರಿಯಲ್ಲಿ. ಆ ದಾರಿ ಯಾವುದು ಎಂಬುದು ಒಂಬತ್ತು ವರ್ಷದ ನಂತರ ಅದೇ ಸರುಸಜಾಯ್ ಮೈದಾನದಲ್ಲಿ ಗೊತ್ತಾಯಿತು.

2016ರ ಆ ಕೂಟದ ಅಧಿಕೃತ ಗೀತೆ ಯಾವ ಭಾಷೆಯದು, ಊಹಿಸಿ ನೋಡೋಣ. ಇಂಗ್ಲಿಷೇ? ಅಲ್ಲ. ಹಿಂದಿಯೇ? ಅಲ್ಲ. ಅಸ್ಸಾಮಿ! ಭೂಪೇನ್ ಹಜಾರಿಕಾ ಅವರ 'ಎಇ ಪೃಥಿವೀ ಏಕ್ ಕ್ರೀಡಾಂಗನ್'. ಈ ಭೂಮಿಯೇ ಒಂದು ಆಟದ ಅಂಗಳ ಎಂದು ಅದರ ಅರ್ಥ. ಹಜಾರಿಕಾ 2011ರಲ್ಲೇ ತೀರಿಕೊಂಡಿದ್ದರು. ನಾಲ್ಕು ವರ್ಷದ ಮೇಲೆ ಅವರ ಹಾಡು ಎಂಟು ದೇಶಗಳ ಕೂಟಕ್ಕೆ ಗುರುತಾಯಿತು. 'ಅಸ್ಸಾಮಿ ಯಾರಿಗೆ ಅರ್ಥವಾಗುತ್ತದೆ, ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಬರೆಸಿ' ಎಂಬ ಬುದ್ಧಿಮಾತಿಗೆ ಅಲ್ಲಿ ಬೆಲೆ ಸಿಗಲಿಲ್ಲ. ಕೂಟದ ಗೊಂಬೆಯೂ ಅಷ್ಟೇ. ಅಸ್ಸಾಮಿನ ಒಂಟಿಕೊಂಬಿನ ಖಡ್ಗಮೃಗದ ಮರಿ. ಅದರ ಹೆಸರು ತಿಖೋರ್. ಚುರುಕು, ತುಂಟ ಎಂಬ ಅರ್ಥದ ಅಸ್ಸಾಮಿ ಮಾತು ಅದು. ಇಸ್ಲಾಮಾಬಾದಿನಿಂದ ಬಂದವನೂ ಕೊಲಂಬೊದಿಂದ ಬಂದವಳೂ ಹನ್ನೆರಡು ದಿನ 'ತಿಖೋರ್, ತಿಖೋರ್' ಎಂದರು. ಅಸ್ಸಾಮಿಗೆ ಅದರಿಂದ ನಷ್ಟವೇನೂ ಆಗಲಿಲ್ಲ. ಬಂದವರಿಗೂ ಆಗಲಿಲ್ಲ.

ಮೈದಾನಗಳ ಹೆಸರು ನೋಡಿ. ಮುಖ್ಯ ಕ್ರೀಡಾಂಗಣಕ್ಕೆ ಇಂದಿರಾ ಗಾಂಧಿ ಹೆಸರಿದೆ, ಇರಲಿ. ಆದರೆ ಇನ್ನೊಂದು ಒಳಾಂಗಣಕ್ಕೆ ಭೋಗೇಶ್ವರೀ ಫುಕನಾನಿ ಹೆಸರು. 1942ರ ಚಳವಳಿಯಲ್ಲಿ ಬ್ರಿಟಿಷರ ಗುಂಡಿಗೆ ಬಲಿಯಾದ ನಗಾಂವ್ ಸೀಮೆಯ ಮುದುಕಿ ಆಕೆ. ಆಟ ನೋಡಲು ಬಂದ ಹುಡುಗ ಟಿಕೆಟಿನ ಮೇಲೆ ತನ್ನ ನೆಲದ ಅಜ್ಜಿಯ ಹೆಸರು ಓದುತ್ತಾನೆ. ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ನೆನಪು ಬೇಕು.

ಆಟದ ಮಾತಿಗೆ ಬರೋಣ. ಭಾರತ 300ಕ್ಕೂ ಹೆಚ್ಚು ಪದಕ ಬಾಚಿಕೊಂಡಿತು. ದೊಡ್ಡಣ್ಣ ಗೆದ್ದದ್ದು ಸುದ್ದಿಯಲ್ಲ, ಬಿಡಿ. ಆದರೆ ಗುವಾಹಟಿಯ ಜನರ ಕಣ್ಣ ಮುಂದೆಯೇ ನೇಪಾಳದ ಹುಡುಗರು ಫುಟ್‌ಬಾಲ್ ಫೈನಲ್‌ನಲ್ಲಿ ಭಾರತವನ್ನು 2-1ರಿಂದ ಸೋಲಿಸಿದರು. ಹಾಕಿ ಫೈನಲ್‌ನಲ್ಲಿ ಪಾಕಿಸ್ತಾನ 1-0ಯಿಂದ ಗೆದ್ದಿತು. ಶಿಲ್ಲಾಂಗಿನಲ್ಲಿ ಮಣಿಪುರದ ಮೇರಿ ಕೋಮ್ ಚಿನ್ನ ಗೆದ್ದರು. ದೇಶ ಕಂಡ ಅತಿ ದೊಡ್ಡ ಮಹಿಳಾ ಬಾಕ್ಸರ್ ಈಶಾನ್ಯದ ನೆಲದಲ್ಲೇ, ಈಶಾನ್ಯದ ಜನರ ಮುಂದೆಯೇ ಗೆದ್ದರು. ಆ ಚಪ್ಪಾಳೆ ದಿಲ್ಲಿಯಲ್ಲಿ ಸಿಗುತ್ತಿತ್ತೇ?

ಇನ್ನು ನಮ್ಮ ಹುಡುಗನೊಬ್ಬನ ಕಥೆ ಕೇಳಿ. ಅದೇ ಗುವಾಹಟಿಯಲ್ಲಿ ಪುರುಷರ 56 ಕೆ.ಜಿ. ಭಾರ ಎತ್ತುವ ಸ್ಪರ್ಧೆಯಲ್ಲಿ ಚಿನ್ನ ಗೆದ್ದದ್ದು ಯಾರು? ಗುರುರಾಜ ಪೂಜಾರಿ. ಕುಂದಾಪುರದ ಕಡೆಯವರು. ತಂದೆ ವಾಹನ ಓಡಿಸಿ ಸಂಸಾರ ಸಾಕಿದವರು. ಮಗ ಬಾರು ಹಿಡಿದದ್ದು ಉಜಿರೆಯ ಕಾಲೇಜಿನಲ್ಲಿ. ಎರಡು ವರ್ಷದ ನಂತರ, 2018ರಲ್ಲಿ, ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ ಗೆದ್ದು, ಆ ಕೂಟದಲ್ಲಿ ಭಾರತಕ್ಕೆ ಮೊದಲ ಪದಕ ತಂದವರೂ ಇವರೇ. 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಕಂಚು. ಈಗ ಎದೆ ಮುಟ್ಟಿಕೊಂಡು ಹೇಳಿ. ಬೆಂಗಳೂರಿನ ಐ.ಪಿ.ಎಲ್. ತಂಡದ ಹನ್ನೊಂದು ಹೆಸರು ಉಸಿರು ತೆಗೆಯದೆ ಹೇಳುವ ನಮ್ಮಲ್ಲಿ ಎಷ್ಟು ಜನಕ್ಕೆ ಗುರುರಾಜನ ಹೆಸರು ಗೊತ್ತಿತ್ತು? ಆತ ಚಿನ್ನ ಎತ್ತಿದ್ದನ್ನು ಗುವಾಹಟಿಯವರು ನೋಡಿದರು. ನಾವು ನೋಡಲಿಲ್ಲ.

ಈಗ ನಮ್ಮ ಮನೆಯ ಲೆಕ್ಕ ತೆಗೆಯೋಣ.

ಕರ್ನಾಟಕ ರಾಷ್ಟ್ರೀಯ ಕ್ರೀಡಾಕೂಟ ನಡೆಸಿದ್ದು 1997ರಲ್ಲಿ. ಆ ಸಲ ಪದಕ ಪಟ್ಟಿಯಲ್ಲಿ ಮೊದಲು ನಿಂತದ್ದೂ ಕರ್ನಾಟಕವೇ. ಹೆಮ್ಮೆಯ ಮಾತು. ಅದರ ಗುರುತಾಗಿ ಏನು ಉಳಿದಿದೆ? ಕೋರಮಂಗಲದಲ್ಲಿ ಕ್ರೀಡಾಪಟುಗಳಿಗೆಂದು ಎಬ್ಬಿಸಿದ ಮನೆಗಳಿವೆ. ಇವತ್ತು ಅದು ಸಂಸಾರಸ್ಥರ ಬಡಾವಣೆ. ಹೆಸರೂ ನ್ಯಾಷನಲ್ ಗೇಮ್ಸ್ ವಿಲೇಜ್. ಆಟೋದವರಿಗೆ ಎನ್‌ಜಿವಿ. ಆ ದಾರಿಯಲ್ಲಿ ದಿನಾ ಓಡಾಡುವ ನಿಮಗೆ ಅದು ಯಾವ ಆಟದ, ಯಾವ ವರ್ಷದ ನೆನಪು ಎಂದು ಯಾರಾದರೂ ಹೇಳಿದ್ದಾರೆಯೇ?

1997ರ ನಂತರ ಆ ಕೂಟ ಎಲ್ಲೆಲ್ಲಿಗೆ ಹೋಯಿತು ನೋಡಿ. 1999ರಲ್ಲಿ ಮಣಿಪುರ. 2007ರಲ್ಲಿ ಅಸ್ಸಾಮು. 2011ರಲ್ಲಿ ಜಾರ್ಖಂಡ್. 2015ರಲ್ಲಿ ಕೇರಳ. 2022ರಲ್ಲಿ ಗುಜರಾತ್. 2023ರಲ್ಲಿ ಗೋವಾ. 2025ರಲ್ಲಿ ಉತ್ತರಾಖಂಡ. ನಮ್ಮಲ್ಲಿಗೆ ಮತ್ತೆ ಬರಲಿಲ್ಲ. ಕೇರಳದವರು 2015ರಲ್ಲಿ ಏನು ಮಾಡಿದರು? ತಿರುವನಂತಪುರದಲ್ಲೇ ಎಲ್ಲ ತುಂಬಲಿಲ್ಲ. ಕೊಲ್ಲಂ, ಆಲಪ್ಪುಳ, ಎರ್ನಾಕುಲಂ, ತ್ರಿಶೂರ್, ಕೋಯಿಕ್ಕೋಡ್, ಕಣ್ಣೂರು ಸೇರಿ ಏಳು ಜಿಲ್ಲೆಗೆ ಹಂಚಿದರು. ಗುಜರಾತಿನವರು ಆರು ಊರಿಗೆ ಹಂಚಿದರು. ನೇಪಾಳದಂಥ ಸಣ್ಣ ದೇಶವೂ 2019ರ ದಕ್ಷಿಣ ಏಷ್ಯಾ ಕೂಟವನ್ನು ಕಠ್ಮಂಡುವಿನ ಜೊತೆಗೆ ಪೋಖರಾಕ್ಕೂ ಜನಕಪುರಕ್ಕೂ ಹಂಚಿತು.

ನಮ್ಮಲ್ಲಿ? ವಿಶ್ವವಿದ್ಯಾಲಯಗಳ ಖೇಲೋ ಇಂಡಿಯಾ ಕೂಟ 2022ರಲ್ಲಿ ಕರ್ನಾಟಕಕ್ಕೆ ಬಂತು. ಬಂದದ್ದು ಎಲ್ಲಿಗೆ? ಬೆಂಗಳೂರಿಗೆ.

ದಿಲ್ಲಿಯವರು ಎಲ್ಲವನ್ನೂ ತಾವೇ ಬಾಚಿಕೊಳ್ಳುತ್ತಾರೆ ಎಂದು ನಾವು ಮೂರು ಹೊತ್ತೂ ಕೂಗುತ್ತೇವೆ. ಕೂಗಬೇಕಾದದ್ದೇ. ಆದರೆ ದಿಲ್ಲಿ ನಮಗೆ ಮಾಡುವುದನ್ನೇ ಬೆಂಗಳೂರು ಹುಬ್ಬಳ್ಳಿಗೆ ಮಾಡಿದರೆ? ಕಲಬುರಗಿಗೆ ಮಾಡಿದರೆ? ಆಗ ನಮ್ಮ ಕೂಗಿಗೆ ಏನು ಬೆಲೆ? ಬೀದರಿನ ಹುಡುಗನೊಬ್ಬ ಒಳ್ಳೆಯ ತರಬೇತಿ ಬೇಕೆಂದರೆ ಸುಮಾರು ಏಳುನೂರು ಕಿಲೋಮೀಟರ್ ದಾಟಿ ಬರಬೇಕು. ಬಂದರೆ ಬಾಡಿಗೆ ರೂಮು, ಮೆಸ್ಸಿನ ಊಟ, ಅರ್ಥವಾಗದ ಭಾಷೆಯಲ್ಲಿ ಬೈಗುಳ. ತಿಂಗಳು ಮೂರಾಗುವುದರೊಳಗೆ ಬ್ಯಾಗು ಹೆಗಲಿಗೇರಿಸಿ ವಾಪಸು. ಅವನು ಸೋತದ್ದು ಓಟದಲ್ಲಲ್ಲ.

ಪ್ರತಿಭೆಗೆ ಬರ ಇದೆಯೇ? ಕೊಡಗಿನಲ್ಲಿ ಹಾಕಿ ಹುಟ್ಟಿನಿಂದಲೇ ಬರುತ್ತದೆ. 1997ರಲ್ಲಿ ಕರಡ ಎಂಬ ಹಳ್ಳಿಯಲ್ಲಿ ಪಾಂಡಂಡ ಕುಟ್ಟಪ್ಪ ಎಂಬ ಹಿರಿಯರು 60 ಕುಟುಂಬಗಳನ್ನು ಸೇರಿಸಿ ಕೌಟುಂಬಿಕ ಹಾಕಿ ಶುರು ಮಾಡಿದರು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ತಂಡಗಳು ಆಡಿದವು. ಸರ್ಕಾರದ ಆದೇಶಕ್ಕೆ ಕಾದು ಕೂತವರಲ್ಲ ಅವರು. ವಿಜಯಪುರ, ಬಾಗಲಕೋಟೆಯ ಹುಡುಗ ಹುಡುಗಿಯರು ಸುಡು ಬಿಸಿಲಿನ ಹೆದ್ದಾರಿಯಲ್ಲಿ ಲಾರಿಗಳ ಪಕ್ಕದಲ್ಲೇ ಸೈಕಲ್ ತುಳಿದು ರಾಷ್ಟ್ರಮಟ್ಟಕ್ಕೆ ಹೋಗುತ್ತಾರೆ. ಬೆಳಗಾವಿ, ಧಾರವಾಡದ ಕಡೆ ಗರಡಿ ಮನೆಯ ಮಣ್ಣು ಇನ್ನೂ ಒಣಗಿಲ್ಲ. ಕರಾವಳಿಯ ಕಬಡ್ಡಿ ನಿಮಗೇ ಗೊತ್ತು. ಮಂಗಳೂರಿನ ಪೂವಮ್ಮ ದೇಶಕ್ಕಾಗಿ ಓಡಿದ್ದನ್ನು ನೀವೇ ನೋಡಿದ್ದೀರಿ. ಆಡುವವರು ಊರೂರಲ್ಲಿದ್ದಾರೆ. ಆಡಿಸುವವರು ಮಾತ್ರ ಒಂದೇ ಊರಲ್ಲಿದ್ದಾರೆ.

ಹೋದ ವರ್ಷ ಒಂದು ಜಿಲ್ಲಾ ಕೇಂದ್ರದ ಕ್ರೀಡಾಕೂಟಕ್ಕೆ ಹೋಗಿದ್ದೆ. ಊರಿನ ಹೆಸರು ಬೇಡ, ಎಲ್ಲ ಕಡೆಯೂ ಅದೇ ಹಾಡು. ಮೈಕಿನಲ್ಲಿ ಒಬ್ಬ ಮಹಾಶಯ ಒಂದೇ ಸಮನೆ ಇಂಗ್ಲಿಷಿನಲ್ಲಿ ಹರಿಯುತ್ತಿದ್ದ. ಫಸ್ಟ್ ಕಾಲ್, ಸೆಕೆಂಡ್ ಕಾಲ್, ಫೈನಲ್ ಕಾಲ್. ಹೆಸರುಗಳನ್ನು ಹೇಳುತ್ತಿದ್ದ ರೀತಿಗೆ ಹೆತ್ತವರಿಗೂ ಗುರುತು ಸಿಗುತ್ತಿರಲಿಲ್ಲ. ಬೇವಿನ ಮರದ ಕೆಳಗೆ ಹಳ್ಳಿ ಶಾಲೆಯ ಹುಡುಗಿಯೊಬ್ಬಳು ಕೂತಿದ್ದಳು. ಕಾಲಲ್ಲಿ ಬೂಟಿಲ್ಲ, ಬೆನ್ನಿಗೆ ಪಿನ್ನು ಚುಚ್ಚಿದ ನಂಬರ್ ಚೀಟಿ. 800 ಮೀಟರ್ ಓಡಬೇಕಿತ್ತು. ಓಟ ಶುರುವಾದ ಮೇಲೆ ಎದ್ದು ಬಂದು ನನ್ನನ್ನು ಕೇಳಿದಳು: "ಸಾರ್, ನನ್ ಹೆಸ್ರು ಕರೆದ್ರಾ?"

ಕರೆದಿದ್ದರು. ಮೂರು ಸಲ ಕರೆದಿದ್ದರು. ಅವಳಿಗೆ ತಿಳಿಯದ ಭಾಷೆಯಲ್ಲಿ.

ಅವಳ ಪಿ.ಟಿ. ಮೇಷ್ಟ್ರು ಓಡಿ ಬಂದು ಅಧಿಕಾರಿಯ ಹತ್ತಿರ ಗೋಗರೆದರು. "ಅನೌನ್ಸ್ ಮಾಡಿದೀವಲ್ರೀ, ಕೇಳಿಸ್ಕೋಬೇಕಪ್ಪ" ಎಂದ ಆತ. ಆತನ ಊರೂ ಕನ್ನಡದ್ದೇ, ಮಾತೂ ಕನ್ನಡವೇ. ಮೈಕು ಕೈಗೆ ಬಂದಾಗ ಮಾತ್ರ ಇಂಗ್ಲಿಷ್! ಆ ಹುಡುಗಿ ಅಳಲಿಲ್ಲ. ಚೀಟಿ ಬಿಚ್ಚಿ ಮಡಚಿ ಮೇಷ್ಟ್ರ ಕೈಗೆ ಕೊಟ್ಟಳು. ಅವಳು ಮುಂದಿನ ವರ್ಷ ಬರುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಕನ್ನಡ ಬೇಕು ಎಂದರೆ 'ಭಾವನಾತ್ಮಕ ವಿಷಯ' ಎಂದು ಮೂಗು ಮುರಿಯುವ ಪಂಡಿತರಿದ್ದಾರಲ್ಲ, ಅವರಿಗೆ ಈ ಹುಡುಗಿಯನ್ನು ತೋರಿಸಬೇಕು. ಇದು ಭಾವನೆಯಲ್ಲ ಸ್ವಾಮಿ. ಒಬ್ಬಳ ಓಟ.

ಗುವಾಹಟಿಯಿಂದ ಕಲಿಯಬೇಕಾದ ಕೊನೆಯ ಪಾಠ ಇನ್ನೊಂದಿದೆ. ಕೂಟ ಮುಗಿದು, ಪಟಾಕಿ ಆರಿ, ಮಂತ್ರಿಗಳ ಕಾರು ಹೋದ ಮೇಲೆ ಏನು ಉಳಿಯಿತು? ಧಿಂಗ್ ಎಂಬ ಹಳ್ಳಿ ಕಡೆಯ ರೈತನ ಮಗಳೊಬ್ಬಳು ತರಬೇತುದಾರರ ಒತ್ತಾಯಕ್ಕೆ ಊರು ಬಿಟ್ಟು ಗುವಾಹಟಿಗೆ ಬಂದಳು. ದೂರ ನೂರೈವತ್ತು ಕಿಲೋಮೀಟರಿನ ಒಳಗೆ. ಸಾವಿರಾರು ಕಿಲೋಮೀಟರ್ ದಾಟಿ ದಿಲ್ಲಿಗೆ ಹೋಗಬೇಕಾಗಿರಲಿಲ್ಲ. 2018ರ ಜುಲೈನಲ್ಲಿ ಫಿನ್ಲೆಂಡಿನ ತಾಂಪೆರೆಯಲ್ಲಿ 20 ವರ್ಷದೊಳಗಿನವರ ವಿಶ್ವ ಕೂಟದಲ್ಲಿ 400 ಮೀಟರ್ ಚಿನ್ನ ಗೆದ್ದಳು. ಹೆಸರು ಹಿಮಾ ದಾಸ್. ಗೋಲಾಘಾಟ್ ಜಿಲ್ಲೆಯ ಹಳ್ಳಿಯ ಲವ್ಲೀನಾ ಬೋರ್ಗೊಹೈನ್ ಪಳಗಿದ್ದೂ ಗುವಾಹಟಿಯ ತರಬೇತಿ ಕೇಂದ್ರದಲ್ಲೇ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ, 2021ರಲ್ಲಿ, ಬಾಕ್ಸಿಂಗ್ ಕಂಚು ತಂದಳು. ಕಟ್ಟಡ ಪದಕ ಗೆಲ್ಲುವುದಿಲ್ಲ, ನಿಜ. ಆದರೆ ಮೈದಾನವೂ ತರಬೇತುದಾರರೂ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿದ್ದರೆ ಬಡವರ ಮಗಳಿಗೂ ಒಂದು ದಾರಿ ಸಿಗುತ್ತದೆ. ರಾಜಧಾನಿಯಲ್ಲದ ಊರಿನಲ್ಲಿ ಕೂಟ ನಡೆಯಬೇಕು ಎಂದು ನಾವು ಹೇಳುವುದು ಊರಿನ ಜಂಬಕ್ಕಲ್ಲ, ಈ ದಾರಿಗೆ.

ಹಾಗಾದರೆ ನಮ್ಮ ಬೇಡಿಕೆ ಏನು? ಬೇಡಿಕೆ ಅಲ್ಲ, ಹಕ್ಕೊತ್ತಾಯ.

ಒಂದು: ರಾಷ್ಟ್ರೀಯ ಕೂಟವನ್ನು ಕರ್ನಾಟಕ ಮತ್ತೆ ಕೇಳಿ ತರಬೇಕು. ತಂದು ಬೆಂಗಳೂರಿನಲ್ಲಿ ಗುಡ್ಡೆ ಹಾಕಬಾರದು. ಹಾಕಿ ಕೊಡಗಿಗೆ, ಸೈಕಲ್ ವಿಜಯಪುರಕ್ಕೆ, ಕುಸ್ತಿ ಬೆಳಗಾವಿಗೋ ಧಾರವಾಡಕ್ಕೋ, ಕಬಡ್ಡಿ ಮಂಗಳೂರಿಗೆ, ಅಥ್ಲೆಟಿಕ್ಸ್ ಮೈಸೂರಿಗೆ, ಉದ್ಘಾಟನೆ ಹುಬ್ಬಳ್ಳಿಯಲ್ಲಿ, ಸಮಾರೋಪ ಕಲಬುರಗಿಯಲ್ಲಿ.

ಎರಡು: ಈ ನೆಲದಲ್ಲಿ ನಡೆಯುವ ಯಾವ ಕೂಟವೇ ಆಗಲಿ, ಮೈಕಿನಲ್ಲಿ ಮೊದಲು ಕನ್ನಡ. ಅರ್ಜಿ ಕನ್ನಡದಲ್ಲಿ, ನಿಯಮದ ಪುಸ್ತಕ ಕನ್ನಡದಲ್ಲಿ. ಹೊರಗಿನಿಂದ ಬಂದ ಮಕ್ಕಳಿಗೆ ಅವರಿಗೆ ತಿಳಿಯುವ ಭಾಷೆಯಲ್ಲೂ ಹೇಳೋಣ. ಬಂದವರು ಅತಿಥಿಗಳು. ಆ ಬೇವಿನ ಮರದ ಕೆಳಗಿನ ಹುಡುಗಿಯ ಕಷ್ಟ ಬಿಹಾರದಿಂದ ಬಂದ ಹುಡುಗಿಗೂ ಆಗಬಾರದು. ತುಳು ನಾಡಿನಲ್ಲಿ ತುಳುವೂ, ಕೊಡಗಿನಲ್ಲಿ ಕೊಡವ ತಕ್ಕೂ ಕೇಳಿಸಲಿ.

ಮೂರು: ಕೂಟ ಮುಗಿದ ಮಾರನೇ ದಿನ ಆ ಮೈದಾನದ ಬೀಗ ಯಾರ ಕೈಯಲ್ಲಿರುತ್ತದೆ ಎಂಬುದನ್ನು ಕೂಟಕ್ಕೆ ಮೊದಲೇ ಬರೆದು ಕೊಡಬೇಕು. ಮದುವೆಗೆ, ವಸ್ತುಪ್ರದರ್ಶನಕ್ಕೆ ಬಾಡಿಗೆ ಕೊಟ್ಟು ಮಕ್ಕಳನ್ನು ಗೇಟಿನ ಹೊರಗೆ ನಿಲ್ಲಿಸುವ ಆಟ ಸಾಕು.

ಇದೆಲ್ಲ ಸರ್ಕಾರದ ಪಾಲು. ನಿಮ್ಮ ಪಾಲೂ ಒಂದಿದೆ. ಬೆಂಗಳೂರಿನಲ್ಲಿ ಕೂತು ಮೊಬೈಲಿನಲ್ಲಿ ಸ್ಕೋರು ನೋಡುವ ನೀವು ನಿಮ್ಮ ಹುಟ್ಟೂರಿನ ಜಿಲ್ಲಾ ಕ್ರೀಡಾಂಗಣಕ್ಕೆ ಕೊನೆಯ ಸಲ ಹೋದದ್ದು ಯಾವಾಗ? ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಹೋಗಿ. ಓಟದ ದಾರಿ ಹೇಗಿದೆ, ಈಜುಕೊಳದಲ್ಲಿ ನೀರಿದೆಯೇ, ತರಬೇತುದಾರರ ಹುದ್ದೆ ತುಂಬಿದೆಯೇ ಎಂದು ಕೇಳಿ. ಉತ್ತರ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ನಾಲ್ಕು ಗೆಳೆಯರು ಸೇರಿದರೆ ಕೂಟದ ದಿನ ಮೈಕು ಹಿಡಿದು ಚೆಂದದ ಕನ್ನಡದಲ್ಲಿ ಹೆಸರು ಕರೆಯುವ ಕೆಲಸ ನೀವೇ ಮಾಡಬಹುದು. ಬಾವುಟ ಹಿಡಿದ ಕೈಗೆ ಮೈಕು ಭಾರವಲ್ಲ.

ಇನ್ನೊಂದು ಸಣ್ಣ ಕೆಲಸ. ನಾಳೆ ಬೆಳಿಗ್ಗೆ ನಿಮ್ಮ ಗೇಟಿನ ಹತ್ತಿರ ನಿಂತಿರುವ ಆ ಅಸ್ಸಾಮಿನ ಹುಡುಗನನ್ನು ಮಾತಾಡಿಸಿ. 'ನಿಮ್ಮೂರಲ್ಲಿ ಎಂಟು ದೇಶದ ಆಟ ನಡೆದಿತ್ತಂತಲ್ಲ' ಎಂದು ಕೇಳಿ ನೋಡಿ. ಅವನ ಮುಖ ಅರಳುವುದನ್ನು ನೋಡಿ. ಹಾಗೇ ಅವನಿಗೆ ನಾಲ್ಕು ಮಾತು ಕನ್ನಡ ಕಲಿಸಿ, ಅವನಿಂದ ನಾಲ್ಕು ಮಾತು ಅಸ್ಸಾಮಿ ಕಲಿಯಿರಿ. 2012ರ ಆ ರೈಲಿನ ಸಾಲ ನಮ್ಮ ಮೇಲೆ ಇನ್ನೂ ಸ್ವಲ್ಪ ಉಳಿದಿದೆ.

ತನ್ನ ಹಾಡು, ತನ್ನ ಗೊಂಬೆ, ತನ್ನ ಅಜ್ಜಿಯ ಹೆಸರಿನ ಅಂಗಳ ಇಟ್ಟುಕೊಂಡೇ ಗುವಾಹಟಿ ಎಂಟು ದೇಶಗಳನ್ನು ಗೆದ್ದಿತು. ನಮ್ಮ ಹುಬ್ಬಳ್ಳಿಗೆ, ನಮ್ಮ ಮೈಸೂರಿಗೆ, ನಮ್ಮ ಕಲಬುರಗಿಗೆ ಏನು ಕಡಿಮೆಯಾಗಿದೆ? ಕೇಳುವ ಬಾಯಿ ಕಡಿಮೆಯಾಗಿದೆ, ಅಷ್ಟೇ.

ಕೇಳಿ ಗೆಳೆಯರೇ. ಜೋರಾಗಿ ಕೇಳಿ. ಕನ್ನಡದಲ್ಲೇ ಕೇಳಿ.